ಬೀಗದ ಕೈ ಯಾರ ಹತ್ತಿರ ಇದೆ?



ಈ ಪತ್ರಿಕೆ ನಿಮ್ಮ ಮನೆಗೆ ಹೇಗೆ ಬರುತ್ತದೆಂಬುದು ನಿಮಗೆ ಗೊತ್ತೇ ಇದೆ. ಜೆರಾಕ್ಸ್ ಮಾಡಿಸಿ ತಂದು, ಯಾರಾದರೊಬ್ಬರ ಊಟದ ಮೇಜಿನ ಮೇಲೆ ಹರಡಿಕೊಂಡು, ಮಡಿಸಿ, ಪಿನ್ನು ಹೊಡೆದು, ವಿಳಾಸದ ಚೀಟಿ ಅಂಟಿಸಿ ಅಂಚೆಗೆ ಹಾಕುತ್ತೇವೆ. ಆ ವಿಳಾಸಗಳ ಪಟ್ಟಿಯನ್ನು ನಮ್ಮ ಕೂಟ ಬಹಳ ಜೋಪಾನವಾಗಿ ಕಾಪಾಡಿಕೊಂಡು ಬಂದಿದೆ. ಒಮ್ಮೆ ಒಬ್ಬ ಇನ್ಶೂರೆನ್ಸ್ ಏಜೆಂಟರು, ಅವರೂ ಕನ್ನಡದವರೇ, ಪಟ್ಟಿಯ ಒಂದು ಪ್ರತಿ ಕೇಳಿಕೊಂಡು ಬಂದಾಗ ಆಗಿನ ಖಜಾಂಚಿಯವರು ಕಾಫಿ ಕೊಟ್ಟು ಕಳಿಸಿದರೇ ಹೊರತು ಪಟ್ಟಿ ಕೊಡಲಿಲ್ಲ.

ಅದೇ ಪಟ್ಟಿ ಕೂಟದ ವೆಬ್‌ಸೈಟಿನಲ್ಲಿ ಹನ್ನೊಂದು ತಿಂಗಳ ಕಾಲ ಯಾರು ಬೇಕಾದರೂ ಎತ್ತಿಕೊಳ್ಳುವ ಹಾಗೆ ಬಿದ್ದಿತ್ತು. ಯಾವ ಕಳ್ಳನೂ ಬೀಗ ಒಡೆಯಲಿಲ್ಲ. ಒಡೆಯುವುದಕ್ಕೆ ಬೀಗವೇ ಇರಲಿಲ್ಲ.

ಕಾರ್ಯಕಾರಿ ಸಮಿತಿಯಲ್ಲಿ ಕೆಲವರು "ಈಗ ಮುಚ್ಚಿಯಾಗಿದೆಯಲ್ಲ, ಸುಮ್ಮನೆ ಜನರನ್ನು ಗಾಬರಿಪಡಿಸುವುದು ಬೇಡ" ಎಂದರು. ನಾವು ಒಪ್ಪಲಿಲ್ಲ. ಆದ್ದರಿಂದಲೇ ಈ ಬರಹ.

ಸಂಗತಿ ಹೊರಬಿದ್ದದ್ದು ಆಕಸ್ಮಿಕವಾಗಿ. ಸದಸ್ಯೆಯೊಬ್ಬರು ದೀಪಾವಳಿಯ ನೃತ್ಯದಲ್ಲಿ ಮಗಳ ಫೋಟೋ ಹುಡುಕುತ್ತಾ, ವಿಳಾಸದ ಕೊನೆಯ ತುಂಡನ್ನು ಅಳಿಸಿ ಒತ್ತಿದರು. ಬಣ್ಣವಿಲ್ಲದ ಒಂದು ಬೋಳು ಪುಟ ಬಂತು. ಅದರಲ್ಲಿ ಆ ಫೋಲ್ಡರಿನಲ್ಲಿದ್ದ ಫೈಲುಗಳ ಹೆಸರುಗಳೆಲ್ಲ ಸಾಲಾಗಿ ಇದ್ದವು. ಫೋಟೋಗಳ ನಡುವೆ ಸದಸ್ಯರ ಪಟ್ಟಿ. ಅದರ ಕೆಳಗೆ ಬೇಸಿಗೆ ಶಿಬಿರದ ಫಾರಂಗಳು: 41 ಮಕ್ಕಳ ಹೆಸರು, ವಯಸ್ಸು, ತಾಯಿಯ ಫೋನ್ ನಂಬರು, ಯಾವ ಮಗುವಿಗೆ ಕಡಲೆಕಾಯಿ ಆಗದು, ಯಾವ ಮಗುವಿಗೆ ಆಸ್ತಮಾ ಎಂಬ ವಿವರ.

ನಾವು ವೃತ್ತಿಯಲ್ಲಿ ವೈದ್ಯರು. ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಅಮೆರಿಕೆಗೆ ಬಂದು ರೆಸಿಡೆನ್ಸಿ ಮಾಡಿ, ಈಗ ಐವತ್ತು ದಾಟಿದವರು. ಇಂಥ ಒಂದು ಹಾಳೆಯನ್ನು ನಮ್ಮ ಕ್ಲಿನಿಕ್ಕಿನ ಕುರ್ಚಿಯ ಮೇಲೆ ಮರೆತು ಬಂದರೆ ಏನಾಗುತ್ತದೆಂಬುದು ನಮಗೆ ಗೊತ್ತು. 1996ರ ಹಿಪಾ ಕಾನೂನಿನ ಬಿಸಿ ಈ ದೇಶದ ಪ್ರತಿಯೊಬ್ಬ ವೈದ್ಯನಿಗೂ ತಟ್ಟಿದೆ. ಆ ಕಾನೂನು ಕನ್ನಡ ಕೂಟಕ್ಕೆ ಅನ್ವಯಿಸುವುದಿಲ್ಲ, ನಿಜ. ಆದರೆ ನಮ್ಮ ತಾಯಂದಿರು ಆ ಫಾರಂ ತುಂಬಿದ್ದು ಕಾನೂನು ನೋಡಿ ಅಲ್ಲ, ನಮ್ಮ ಮುಖ ನೋಡಿ.

ಇನ್ನೊಂದು ಮಾತು. ಕಳೆದ ಚಳಿಗಾಲದಲ್ಲಿ ನಮ್ಮ ಹಿರಿಯ ಸದಸ್ಯೆಯೊಬ್ಬರಿಗೆ ಒಂದು ಫೋನ್ ಬಂತು. ಮೊಮ್ಮಗನ ಹೆಸರು ಹೇಳಿ, ಅವನು ಪೊಲೀಸರ ವಶದಲ್ಲಿದ್ದಾನೆ, ತಕ್ಷಣ ಹಣ ಕಳಿಸಿ ಎಂದರು. ಆಕೆ ಪುಣ್ಯಕ್ಕೆ ಮಗನಿಗೆ ಫೋನ್ ಮಾಡಿ ಪಾರಾದರು. ಮೊಮ್ಮಗನ ಹೆಸರು ನಮ್ಮ ಪಟ್ಟಿಯಿಂದಲೇ ಹೋಯಿತೆಂದು ನಾವು ಸಾಬೀತು ಮಾಡಲಾರೆವು. ಹೋಗಿಲ್ಲವೆಂದೂ ಹೇಳಲಾರೆವು. ಏಕೆಂದರೆ ಯಾರು ಯಾವ ಫೈಲು ತೆಗೆದುಕೊಂಡರು ಎಂಬ ಲಾಗ್ ಎರಡು ವಾರಕ್ಕೆ ಅಳಿಸಿಹೋಗುವಂತೆ ಸರ್ವರಿನಲ್ಲಿ ಸೆಟ್ಟಿಂಗ್ ಇತ್ತು. ಅದನ್ನೂ ಯಾರೂ ನೋಡಿರಲಿಲ್ಲ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯನ್ನು ನಮಗೇ ಹೇಳಿಕೊಳ್ಳುತ್ತಾ, ಎರಡು ಶನಿವಾರ ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಸರ್ವರಿನ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ಓದಿದೆವು. ಮೊದಲ ಆಶ್ಚರ್ಯವೆಂದರೆ ಅವು ಓದಲು ಬರುತ್ತವೆ! ಕಾನ್ಫಿಗರೇಶನ್ ಫೈಲು ಎಂದರೆ ಮಂತ್ರವಲ್ಲ. ಸಾದಾ ಅಕ್ಷರದಲ್ಲಿ ಬರೆದ ಆದೇಶಗಳ ಪಟ್ಟಿ, ಥೇಟ್ ನಮ್ಮ ಆಸ್ಪತ್ರೆಯ ಆರ್ಡರ್ ಶೀಟಿನ ಹಾಗೆ.

ನಮ್ಮ ಸರ್ವರಿನಲ್ಲಿರುವುದು ಅಪಾಚೆ, 1995ರಿಂದ ಬಳಕೆಯಲ್ಲಿರುವ, ಪುಕ್ಕಟೆ ಸಿಗುವ ಒಳ್ಳೆಯ ತಂತ್ರಾಂಶ. ಅದಕ್ಕೆ ಒಂದು ಫೋಲ್ಡರಿನ ವಿಳಾಸ ಕೊಟ್ಟರೆ ಮೊದಲು ಅಲ್ಲಿ 'ಇಂಡೆಕ್ಸ್' ಎಂಬ ಪುಟ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಏನು ಮಾಡಬೇಕೆಂಬುದನ್ನು 'ಆಪ್ಷನ್ಸ್' ಎಂಬ ಸಾಲು ಹೇಳುತ್ತದೆ. ಆ ಸಾಲಿನಲ್ಲಿ 'ಇಂಡೆಕ್ಸಸ್' ಎಂದಿದ್ದರೆ ಒಳಗಿರುವ ಫೈಲುಗಳ ಹೆಸರನ್ನೆಲ್ಲ ಬಂದವರ ಮುಂದೆ ಹರಡುತ್ತದೆ. ಆ ಪದದ ಮುಂಚೆ ಒಂದು ಮೈನಸ್ ಗುರುತು ಹಾಕಿದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಹನ್ನೊಂದು ತಿಂಗಳು ನಮ್ಮ ಮಕ್ಕಳಿಗೂ ಲೋಕಕ್ಕೂ ನಡುವೆ ಇಲ್ಲದೇ ಹೋದದ್ದು ಇಷ್ಟೇ, ಒಂದು ಅಡ್ಡಗೆರೆ.

ಹಾಗಾದರೆ 'ಇಂಡೆಕ್ಸಸ್' ಎಂದು ಬರೆದವರು ಯಾರು? ನಮ್ಮವರು ಯಾರೂ ಅಲ್ಲ. ಕೆಲವು ಲೈನಕ್ಸ್‌ಗಳ ಜೊತೆ ಬರುವ ಅಪಾಚೆಯ ಸಿದ್ಧ ಫೈಲಿನಲ್ಲಿ ಅದು ತೆರೆದೇ ಇರುತ್ತದೆ. 2004ರಲ್ಲಿ ಹೊರಬಂದ ಎಂಜಿನ್‌ಎಕ್ಸ್ ಎಂಬ ಇನ್ನೊಂದು ಸರ್ವರಿನಲ್ಲಿ ಅದೇ ಸೌಲಭ್ಯ ತಾನಾಗಿಯೇ ಮುಚ್ಚಿರುತ್ತದೆ; ಬೇಕಾದವರು ತೆರೆಯಬೇಕು. ಎರಡೂ ತಪ್ಪಲ್ಲ. ತಂತ್ರಾಂಶಗಳನ್ನು ಹಂಚುವ ಸೈಟಿಗೆ ಪಟ್ಟಿ ತೋರಿಸುವುದೇ ಅನುಕೂಲ. ನಾವು ಹೇಳಬೇಕಾದ ಮುಖ್ಯ ಮಾತು ಇದೇ: ಬಂದ ಹಾಗೆಯೇ ಬಿಟ್ಟ ಸೆಟ್ಟಿಂಗ್ ಎಂದರೆ ತೀರ್ಮಾನವೇ ಇಲ್ಲವೆಂದಲ್ಲ. ನಮ್ಮನ್ನು ಕಂಡರಿಯದ ಯಾರೋ, ಇನ್ಯಾರದೋ ಅಗತ್ಯಕ್ಕೆ ಮಾಡಿದ ತೀರ್ಮಾನ ಅದು. ನಾವು ಸಭೆಯಲ್ಲಿ ಕೂತು ಬಿಸಿಬೇಳೆ ಬಾತಿಗೆ ಗೋಡಂಬಿ ಹಾಕಬೇಕೇ ಬೇಡವೇ ಎಂದು ಮುಕ್ಕಾಲು ಗಂಟೆ ಚರ್ಚಿಸುತ್ತೇವೆ. ಇದನ್ನು ಮಾತ್ರ ಅಪರಿಚಿತರಿಗೆ ಬಿಟ್ಟಿದ್ದೇವೆ.

ಮೈನಸ್ ಗುರುತು ಹಾಕಿದರೆ ಮುಗಿಯಿತೆಂದೂ ತಿಳಿಯಬೇಡಿ. ಹೆಸರುಗಳ ಪಟ್ಟಿ ಮುಚ್ಚಿದರೂ ಫೈಲಿನ ಹೆಸರು ಊಹಿಸಿದವನಿಗೆ ಫೈಲು ಸಿಕ್ಕೇ ಸಿಗುತ್ತದೆ. ಅದು ಪರದೆ, ಬಾಗಿಲಲ್ಲ. ಸದಸ್ಯರ ಪಟ್ಟಿ ವೆಬ್ ಫೋಲ್ಡರಿನ ಒಳಗೆ ಇರಲೇಬಾರದು, ಅದೊಂದೇ ಚಿಕಿತ್ಸೆ. "ರೋಬೋಟ್ಸ್ ಫೈಲಿನಲ್ಲಿ ಬೇಡವೆಂದು ಬರೆದಿದ್ದೆವಲ್ಲ" ಎಂದರು ಒಬ್ಬರು. 1994ರಲ್ಲಿ ಶುರುವಾದ ಆ ಪದ್ಧತಿ ಸಭ್ಯ ಸರ್ಚ್ ಎಂಜಿನ್‌ಗಳಿಗೆ ಮಾಡುವ ವಿನಂತಿ ಅಷ್ಟೆ. ಆ ಫೈಲನ್ನು ಯಾರು ಬೇಕಾದರೂ ಓದಬಹುದು. ಅದರಲ್ಲಿ ಗುಟ್ಟಿನ ಫೋಲ್ಡರಿನ ಹೆಸರು ಬರೆಯುವುದೆಂದರೆ, ಒಡವೆ ಈ ಬೀರುವಿನಲ್ಲಿದೆ, ದಯವಿಟ್ಟು ತೆಗೆಯಬೇಡಿ ಎಂದು ಚೀಟಿ ಅಂಟಿಸಿದ ಹಾಗೆ.

ಇನ್ನೂ ಎರಡು ಸಿಕ್ಕವು. ಫೋಟೋ ಏರಿಸಲು ಆಗುತ್ತಿಲ್ಲವೆಂದು ಯಾರೋ ಒಂದು ಫೋಲ್ಡರಿಗೆ 777 ಅನುಮತಿ ಕೊಟ್ಟಿದ್ದರು. ಓದಲು 4, ಬರೆಯಲು 2, ನಡೆಸಲು 1, ಕೂಡಿದರೆ 7. ಒಡೆಯನಿಗೊಂದು, ಗುಂಪಿಗೊಂದು, ಆ ಯಂತ್ರದಲ್ಲಿ ಖಾತೆಯಿರುವ ಉಳಿದವರಿಗೆಲ್ಲ ಒಂದು. ಎಲ್ಲರೂ ಎಲ್ಲವನ್ನೂ ಮಾಡಬಹುದು! ಇನ್ನೊಂದು, ಸೈಟಿನ ಪಾಸ್‌ವರ್ಡ್ ಇರುವ ಪಿಎಚ್‌ಪಿ ಫೈಲಿನ ಹಳೆಯ ಪ್ರತಿಯನ್ನು ಹೆಸರಿನ ಕೊನೆಗೆ 'ಬ್ಯಾಕ್' ಎಂದು ಸೇರಿಸಿ ಅಲ್ಲೇ ಇಟ್ಟಿದ್ದರು. ಪಿಎಚ್‌ಪಿ ಎಂದು ಮುಗಿದರೆ ಸರ್ವರು ಅದನ್ನು ನಡೆಸಿ ಫಲಿತಾಂಶ ಮಾತ್ರ ಕೊಡುತ್ತದೆ. 'ಬ್ಯಾಕ್' ಎಂದು ಮುಗಿದರೆ ಒಳಗಿನದನ್ನೆಲ್ಲ ಅಕ್ಷರಶಃ ಕೊಟ್ಟುಬಿಡುತ್ತದೆ.

ಇದಕ್ಕೆ ಸಮಿತಿಯಲ್ಲಿ ಬಂದ ಉತ್ತರಗಳನ್ನು ನೋಡೋಣ.

"ನಮ್ಮ ಪುಟ್ಟ ಸೈಟನ್ನು ಯಾರು ನೋಡುತ್ತಾರೆ?" ಮನುಷ್ಯರು ನೋಡಬೇಕಾಗಿಲ್ಲ. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಜೀಮ್ಯಾಪ್ ಎಂಬ ಉಪಕರಣವನ್ನು ಪ್ರಕಟಿಸಿದರು. ವೇಗದ ಸಂಪರ್ಕವಿರುವ ಒಂದೇ ಯಂತ್ರದಿಂದ ಅಂತರ್ಜಾಲದ ಸುಮಾರು 430 ಕೋಟಿ ಹಳೆಯ ಮಾದರಿಯ ವಿಳಾಸಗಳ ಬಾಗಿಲನ್ನೆಲ್ಲ 45 ನಿಮಿಷದೊಳಗೆ ತಟ್ಟಿ ಬರಬಹುದೆಂದು ತೋರಿಸಿದರು. ಹಾಗೆ ತಟ್ಟುವ ಯಂತ್ರ ಇದು ಬ್ಯಾಂಕೋ ಕನ್ನಡ ಕೂಟವೋ ಎಂದು ಕೇಳುವುದಿಲ್ಲ.

"ಹೋಸ್ಟಿಂಗ್ ಕಂಪನಿಗೆ ದುಡ್ಡು ಕೊಡುತ್ತೇವಲ್ಲ, ಅವರದೇ ಜವಾಬ್ದಾರಿ." ಕಟ್ಟಡದ ಬಾಡಿಗೆ ಕೊಟ್ಟ ಮಾತ್ರಕ್ಕೆ ಮಾಲೀಕರು ಬಂದು ನಮ್ಮ ಮನೆಯ ಹಿತ್ತಲ ಬಾಗಿಲು ಹಾಕುವುದಿಲ್ಲ.

"ಆ ಹುಡುಗನದೇ ತಪ್ಪು." ಈ ಮಾತು ಕೇಳಿ ನಮಗೆ ನಿಜವಾಗಿ ಸಿಟ್ಟು ಬಂತು. ಆ ಹುಡುಗ ಕಾಲೇಜಿನಲ್ಲಿ ಓದುತ್ತಾ, ಪರೀಕ್ಷೆಯ ನಡುವೆ, ನಾಲ್ಕು ವರ್ಷ ಒಂದು ಡಾಲರೂ ತೆಗೆದುಕೊಳ್ಳದೆ ಕೂಟದ ಸೈಟು ನಡೆಸಿದ. ಡೊಮೈನಿನ ಹಣವನ್ನೂ ತನ್ನ ಕಾರ್ಡಿನಿಂದಲೇ ಕಟ್ಟಿದ. ಕೆಲಸ ಸಿಕ್ಕಿ ಬೇರೆ ಊರಿಗೆ ಹೋದ. ಹೋಗುವಾಗ "ಯಾರಿಗೆ ಒಪ್ಪಿಸಲಿ?" ಎಂದು ಎರಡು ಸಲ ಕೇಳಿದನಂತೆ. ನಾವು ಅವನಿಗೆ ಶಾಲು ಹೊದಿಸಿ, ಹಾರ ಹಾಕಿ, ಫೋಟೋ ತೆಗೆಸಿಕೊಂಡೆವು. ಉತ್ತರ ಮಾತ್ರ ಕೊಡಲಿಲ್ಲ. ತಪ್ಪು ಯಾರದು?

"ಸೈಟನ್ನೇ ಮುಚ್ಚಿ ಎಲ್ಲ ವಾಟ್ಸಾಪ್, ಫೇಸ್‌ಬುಕ್ಕಿಗೆ ಹಾಕಿಬಿಡೋಣ." ಸ್ವಂತ ಮನೆಗೆ ಚಿಲಕ ಹಾಕಲು ಬರುವುದಿಲ್ಲವೆಂದು ಛತ್ರದಲ್ಲಿ ಸಂಸಾರ ಹೂಡಿದ ಹಾಗಾಯಿತು. ಅಲ್ಲಿಯೂ ಸೆಟ್ಟಿಂಗ್‌ಗಳಿವೆ, ಹೆಚ್ಚಿನವು ನಮ್ಮ ಕೈಯಲ್ಲಿ ಇರುವುದಿಲ್ಲ.

ಮೇಲಾಗಿ ಸ್ವಂತ ಸರ್ವರು ಇರಬೇಕೆನ್ನಲು ಕನ್ನಡವೂ ಒಂದು ಕಾರಣ. ಈ ಪತ್ರಿಕೆಯ ಹಳೆಯ ಲೇಖನಗಳನ್ನು ಹಿರಿಯರೊಬ್ಬರು ಎರಡು ವರ್ಷ ಕೂತು ಯೂನಿಕೋಡಿನಲ್ಲಿ ಟೈಪ್ ಮಾಡಿ ಸೈಟಿಗೆ ಕೊಟ್ಟರು. ತೆರೆದು ನೋಡಿದರೆ ಪುಟದ ತುಂಬ ತಲೆಯ ಮೇಲೆ ಓರೆಗೆರೆ ಹೊತ್ತ ಲ್ಯಾಟಿನ್ 'ಎ'ಗಳು! "ಕನ್ನಡಕ್ಕೆ ಕಂಪ್ಯೂಟರ್ ಸರಿಹೋಗುವುದಿಲ್ಲ" ಎಂದು ಅವರು ಕೈಬಿಟ್ಟರು. ತಪ್ಪು ಕನ್ನಡದ್ದಲ್ಲ. 1991ರ ಮೊದಲ ಯೂನಿಕೋಡಿನಲ್ಲೇ ಕನ್ನಡಕ್ಕೆ ಜಾಗವಿತ್ತು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಒಂದೊಂದು ಗುರುತಿಗೂ ಮೂರು ಬೈಟು ಬೇಕು, ಮೊದಲ ಬೈಟು ಎಲ್ಲಕ್ಕೂ ಒಂದೇ. ನಮ್ಮ ಸರ್ವರಿನ 'ಆಡ್ ಡಿಫಾಲ್ಟ್ ಕ್ಯಾರ್‌ಸೆಟ್' ಸಾಲಿನಲ್ಲಿ ಪಶ್ಚಿಮ ಯೂರೋಪಿನ ಲಿಪಿಯ ಹೆಸರಿತ್ತು. ಪುಟ ತಾನೇ "ನಾನು ಯುಟಿಎಫ್-8" ಎಂದು ಒಳಗೆ ಹೇಳಿಕೊಂಡರೂ ಬ್ರೌಸರು ಸರ್ವರಿನ ಮಾತನ್ನೇ ಮೊದಲು ನಂಬುತ್ತದೆ. ಹೀಗೆ ಎಲ್ಲ ಅಕ್ಷರಗಳ ಮೊದಲ ಬೈಟೂ ಆ ಓರೆಗೆರೆಯ 'ಎ' ಆಗಿ ಕಂಡಿತು. ಆ ಸಾಲು ತಿದ್ದಿದ್ದೇ ತಡ, ಎರಡು ವರ್ಷದ ದುಡಿಮೆ ಕನ್ನಡವಾಗಿ ಕಣ್ಣು ಬಿಟ್ಟಿತು. ಅವರಿಗೆ ಫೋನ್ ಮಾಡಿ ಹೇಳಿದಾಗ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಕೊನೆಯದಾಗಿ ಸರ್ಟಿಫಿಕೇಟಿನ ವಿಚಾರ. ಯುಗಾದಿಯ ಟಿಕೆಟ್ಟಿನ ಹೊತ್ತಿಗೆ ಅದರ ಅವಧಿ ಮುಗಿದು, ಈ ಸೈಟು ಸುರಕ್ಷಿತವಲ್ಲ ಎಂದು ಬ್ರೌಸರು ಕೂಗಿಕೊಂಡಿತು. ಆಗ ನಾವು, ಹೌದು ನಾವೂ, ಹಿರಿಯರಿಗೆ ಫೋನಿನಲ್ಲಿ ಏನು ಹೇಳಿದೆವು? "ಏನೂ ಆಗಲ್ಲ ಅಮ್ಮ, ಅಡ್ವಾನ್ಸ್ಡ್ ಒತ್ತಿ, ಮುಂದೆ ಹೋಗಿ." ಎಚ್ಚರಿಕೆಯನ್ನು ಕಡೆಗಣಿಸುವುದನ್ನು ನಮ್ಮ ತಾಯಂದಿರಿಗೆ ನಾವೇ ಕೈಹಿಡಿದು ಕಲಿಸಿದೆವು. ನಾಳೆ ನಕಲಿ ಬ್ಯಾಂಕಿನ ಪುಟ ಬಂದಾಗ ಅವರು ಅದನ್ನೇ ಒತ್ತುತ್ತಾರೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2015ರಿಂದ ಪುಕ್ಕಟೆ ಸರ್ಟಿಫಿಕೇಟ್ ಕೊಡುತ್ತಿದೆ. ಅವಧಿ ಮುಗಿಯುತ್ತಿದೆ ಎಂದು ಇಮೇಲ್ ಮಾಡುವುದನ್ನು ಅದು 2025ರ ಜೂನಿನಲ್ಲಿ ನಿಲ್ಲಿಸಿತು. 2029ರ ಮಾರ್ಚ್ ಹೊತ್ತಿಗೆ ಸಾರ್ವಜನಿಕ ಸರ್ಟಿಫಿಕೇಟ್‌ಗಳ ಗರಿಷ್ಠ ಆಯುಷ್ಯವನ್ನೇ 47 ದಿನಕ್ಕೆ ಇಳಿಸಲು ತೀರ್ಮಾನವಾಗಿದೆ. ನೆನಪಿಟ್ಟುಕೊಂಡು ಕೈಯಾರೆ ನವೀಕರಿಸುವ ಕಾಲ ಮುಗಿಯಿತು. ತಾನಾಗಿ ನವೀಕರಣವಾಗುವಂತೆ ಮಾಡಬೇಕು, ಆಗುತ್ತಿದೆಯೇ ಎಂದು ಒಬ್ಬರು ನೋಡುತ್ತಿರಬೇಕು.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆಂದು 19 ಅಂಶಗಳ ಒಂದು ತಪಾಸಣಾ ಪಟ್ಟಿ ತಂದಾಗ ಅನುಭವಸ್ಥ ಸರ್ಜನ್ನರು ಮೂಗು ಮುರಿದದ್ದುಂಟು. ರೋಗಿಯ ಹೆಸರು ಸರಿಯೇ, ಕೊಯ್ಯುವ ಜಾಗ ಸರಿಯೇ ಎಂದು ಗಟ್ಟಿಯಾಗಿ ಓದಬೇಕಂತೆ, ನಮಗೇನು ಗೊತ್ತಿಲ್ಲವೇ ಎಂದು. ಗೊತ್ತಿದ್ದವರೇ ಮರೆಯುತ್ತಾರೆ, ಅದಕ್ಕೇ ಪಟ್ಟಿ. ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ನಾವು ಮಂಡಿಸಲಿರುವ ಗೊತ್ತುವಳಿಯೂ ಅಂಥದೇ:

1. ಶಿಬಿರಕ್ಕೆ ಬಂದ 41 ಮಕ್ಕಳ ಮನೆಗೂ, ಪಟ್ಟಿಯಲ್ಲಿದ್ದ ಪ್ರತಿ ಸದಸ್ಯರಿಗೂ, ಏನಾಯಿತೆಂದು ಅಧ್ಯಕ್ಷರ ಸಹಿಯ ಪತ್ರ ಹೋಗಬೇಕು. ತಪ್ಪಾದಾಗ ರೋಗಿಗೆ ಹೇಳುವುದು ವೈದ್ಯನ ಮೊದಲ ಧರ್ಮ.

2. ಡೊಮೈನು ಮತ್ತು ಸರ್ವರು ಕೂಟದ ಹೆಸರಿನಲ್ಲಿ, ಕೂಟದ ಖಾತೆಯಿಂದಲೇ ಇರಬೇಕು. ಬೀಗದ ಕೈ ಕನಿಷ್ಠ ಇಬ್ಬರ ಹತ್ತಿರ ಇರಬೇಕು.

3. ಸೆಟ್ಟಿಂಗ್‌ಗಳ ಪ್ರತಿಯೊಂದು ಸಾಲಿಗೂ ಅದು ಏಕೆ ಹಾಗಿದೆ ಎಂದು ಕನ್ನಡದಲ್ಲಿ ಒಂದು ಸಾಲು ಬರೆದು ನಡಾವಳಿ ಪುಸ್ತಕದ ಜೊತೆ ಇಡಬೇಕು. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬೇಡ.

4. ಮಕ್ಕಳ ಫಾರಂಗಳನ್ನು ಸೈಟಿಗೆ ಏರಿಸಕೂಡದು. ಶಿಬಿರ ಮುಗಿದ 30 ದಿನದೊಳಗೆ ಹರಿದು ಹಾಕಬೇಕು.

5. ಮೂರು ತಿಂಗಳಿಗೊಮ್ಮೆ ಇಬ್ಬರು ಕೂತು, ಒಬ್ಬರು ಓದಿ ಇನ್ನೊಬ್ಬರು ನೋಡಿ, ತಪಾಸಣೆ ಮಾಡಿ ಸಹಿ ಹಾಕಬೇಕು.

ಇದಕ್ಕೆ ದುಡ್ಡು ಬೇಡ, ಎಂಜಿನಿಯರಿಂಗ್ ಪದವಿಯೂ ಬೇಡ. ಮೂರು ತಿಂಗಳಿಗೆ ಒಂದು ಸಂಜೆ ಸಾಕು. ಆ ಇಬ್ಬರಲ್ಲಿ ಒಬ್ಬರಾಗಲು ನಾವು ಸಿದ್ಧ. ಇನ್ನೊಬ್ಬರು ಯಾರು? ಸಭೆಗೆ ಬನ್ನಿ, ಕೈ ಎತ್ತಿ. ವಿರೋಧವಿದ್ದರೂ ಬನ್ನಿ, ಎದುರಿಗೆ ಹೇಳಿ. ಊಟಕ್ಕೆ ಮಾತ್ರ ಬಂದು ಹೋಗಬೇಡಿ.