ಅಭಿಮಾನಿಗಳೆಲ್ಲ ಮತದಾರರಲ್ಲ

ಕವಲಂದೆಯಿಂದ ಬೆಳಗಿನ ರೈಲಿನಲ್ಲಿ ಮೈಸೂರಿನ ಕಾಲೇಜಿಗೆ ಹೋಗುವ ನಮ್ಮ ಗುಂಪಿನಲ್ಲಿ ಎರಡೇ ಚರ್ಚೆ: ಒಂದು ಪ್ಲೇಸ್‌ಮೆಂಟ್, ಇನ್ನೊಂದು ಸಿನಿಮಾ. ಮೊನ್ನೆ ಗೆಳೆಯನೊಬ್ಬ ತನ್ನ ನೆಚ್ಚಿನ ನಟನ ಬಗ್ಗೆ, ‘ಅವ್ರು ನಿಂತ್ರೆ ಸಾಕು ಗುರು, ಗೆದ್ದಂಗೇ’ ಎಂದ. ನಿಜವೇ?

ಇದಕ್ಕೆ ಉತ್ತರ ಹುಡುಕಲು ಅಂಬರೀಶ್ ಅವರ ರಾಜಕೀಯ ಬದುಕನ್ನು ನೋಡಿದರೆ ಸಾಕು. ನಮ್ಮ ಪಕ್ಕದ ತಿರುಮಕೂಡಲಿನ ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರ ಮೊಮ್ಮಗ ಅವರು. 1972ರ ‘ನಾಗರಹಾವು’ ಚಿತ್ರದಲ್ಲಿ ಜಲೀಲನಾಗಿ ಬಂದು, ‘ರೆಬೆಲ್ ಸ್ಟಾರ್’ ಆಗಿ ಬೆಳೆದರು. ಅಷ್ಟು ಹೆಸರಿದ್ದರೂ ರಾಮನಗರ ವಿಧಾನಸಭಾ ಉಪಚುನಾವಣೆಯಲ್ಲಿ ಸೋತರು. ನಂತರ 1998ರಲ್ಲಿ ಜನತಾ ದಳದಿಂದ, 1999 ಮತ್ತು 2004ರಲ್ಲಿ ಕಾಂಗ್ರೆಸ್‌ನಿಂದ ಮಂಡ್ಯದ ಸಂಸದರಾದರು. 2006ರಲ್ಲಿ ಕೇಂದ್ರದ ರಾಜ್ಯ ಸಚಿವರಾಗಿ, ಮರುವರ್ಷ ಕಾವೇರಿ ನ್ಯಾಯಮಂಡಳಿಯ ಅಂತಿಮ ತೀರ್ಪನ್ನು ವಿರೋಧಿಸಿ ರಾಜೀನಾಮೆ ಕೊಟ್ಟರು. ಆದರೂ 2008ರಲ್ಲಿ ಶ್ರೀರಂಗಪಟ್ಟಣದಲ್ಲಿ, 2009ರಲ್ಲಿ ಮಂಡ್ಯದಲ್ಲೇ ಸೋತರು. 2013ರಲ್ಲಿ ಶಾಸಕರಾಗಿ ವಸತಿ ಸಚಿವರಾದರು. 2016ರಲ್ಲಿ ಸಂಪುಟದಿಂದ ಹೊರಬಿದ್ದರು.

ಗೆಲ್ಲಿಸಿದ ಅಭಿಮಾನಿಗಳು ಸೋತಾಗಲೂ ಅಲ್ಲೇ ಇದ್ದರು. ಬದಲಾಗಿದ್ದು ಪಕ್ಷ, ಎದುರಾಳಿ ಮತ್ತು ಜಾತಿ ಲೆಕ್ಕಾಚಾರ.

2019ರಲ್ಲಿ ಸುಮಲತಾ ಪಕ್ಷೇತರರಾಗಿ ನಿಂತು 1.25 ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರಲ್ಲ ಎನ್ನಬಹುದು. ದರ್ಶನ್, ಯಶ್ ಪ್ರಚಾರಕ್ಕೆ ಬಂದಿದ್ದು ಹೌದು. ಆದರೆ ಅಂಬರೀಶ್ ತೀರಿಕೊಂಡು ಆಗಿನ್ನೂ ಐದು ತಿಂಗಳಾಗಿತ್ತು, ಬಿಜೆಪಿಯ ಬೆಂಬಲವಿತ್ತು, ಮೈತ್ರಿ ಒಪ್ಪದ ಕಾಂಗ್ರೆಸ್ ಕಾರ್ಯಕರ್ತರೂ ಜೊತೆಗಿದ್ದರು. ಸೋತ ನಿಖಿಲ್ ಕುಮಾರಸ್ವಾಮಿಯವರೂ ನಟರೇ. ನಿಖಿಲ್ 2024ರಲ್ಲಿ ಚನ್ನಪಟ್ಟಣ ಉಪಚುನಾವಣೆಯಲ್ಲೂ ಸೋತರು. ಅಲ್ಲಿ ಗೆದ್ದ ಸಿ.ಪಿ. ಯೋಗೇಶ್ವರ್ ಕೂಡ ಸಿನಿಮಾದಲ್ಲಿ ನಟಿಸಿದವರು. ಆದರೆ ಕ್ಷೇತ್ರದ ಜನ ಅವರನ್ನು ಗುರುತಿಸುವುದು ಸಿನಿಮಾದಿಂದಲ್ಲ, ಕೆರೆಗಳಿಗೆ ನೀರು ತುಂಬಿಸಿದ ಕೆಲಸದಿಂದ.

ಹಾಗಾದರೆ ಪಕ್ಕದ ರಾಜ್ಯಗಳಲ್ಲಿ ನಟರು ಮುಖ್ಯಮಂತ್ರಿಯಾದದ್ದು ಹೇಗೆ? 1977ರಲ್ಲಿ ಗೆದ್ದ ಎಂಜಿಆರ್, ಸ್ವಂತ ಪಕ್ಷ ಕಟ್ಟುವ ಮೊದಲು ಡಿಎಂಕೆಯಲ್ಲಿ ವರ್ಷಗಟ್ಟಲೆ ದುಡಿದಿದ್ದರು. ಆಂಧ್ರದಲ್ಲಿ ಕಾಂಗ್ರೆಸ್ ಮೇಲಿನ ಸಿಟ್ಟಿಗೆ ಬಲವಾದ ಬೇರೆ ಪಕ್ಷವಿರಲಿಲ್ಲ. ಆ ಜಾಗಕ್ಕೆ 1983ರಲ್ಲಿ ಎನ್‌ಟಿಆರ್ ಬಂದರು. ಅದೇ ವರ್ಷ ನಮ್ಮಲ್ಲಿ ಆ ಸಿಟ್ಟು ಜನತಾ ಪಕ್ಷದ ಕಡೆ ಹರಿದು ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಗೋಕಾಕ್ ಚಳವಳಿಯಲ್ಲಿ ಬೀದಿಗಿಳಿದ ಡಾ. ರಾಜ್‌ಕುಮಾರ್ ಚುನಾವಣೆಗೆ ನಿಲ್ಲಲೇ ಇಲ್ಲ. ಜಾಗ ಖಾಲಿಯಿದ್ದಾಗ ಮಾತ್ರ ತಾರೆಯ ಹೆಸರು ಸರ್ಕಾರ ರಚಿಸಬಲ್ಲದು.

ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಸ್ಟಾರ್ ಪಟ್ಟ ಎಂದರೆ ಪ್ಲೇಸ್‌ಮೆಂಟಿನ ಮೊದಲ ಸುತ್ತು ನೇರವಾಗಿ ಪಾಸಾದಂತೆ. ಸಂದರ್ಶನ ಮಾಡಬೇಕಾದವರು ನಾವು. ಆದರೆ ಮಾಡುತ್ತೇವೆಯೇ? ನಾನು ಮೊದಲ ಸಲ ಮತ ಹಾಕಿದ್ದು 2024ರ ಲೋಕಸಭಾ ಚುನಾವಣೆಯಲ್ಲಿ. ಅಭ್ಯರ್ಥಿಗಳ ಬಗ್ಗೆ ಆಗ ನನಗೆ ತಿಳಿದಿದ್ದು ಫ್ಲೆಕ್ಸ್‌ನಲ್ಲಿ ಇದ್ದಷ್ಟೇ. ಅವರ ಆಸ್ತಿ, ಪ್ರಕರಣಗಳ ಪ್ರಮಾಣಪತ್ರ ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ; ಸಂಸದರು ಕೇಳಿದ ಪ್ರಶ್ನೆಗಳು ಲೋಕಸಭೆಯ ಜಾಲತಾಣದಲ್ಲಿವೆ. ಮೊಬೈಲ್ ಕೈಯಲ್ಲೇ ಇತ್ತು, ನೋಡಲಿಲ್ಲ. ಪರೀಕ್ಷೆಗೆ ಕೂರಲು ವಿಟಿಯು ನಮ್ಮಿಂದ ಶೇ 85ರಷ್ಟು ಹಾಜರಾತಿ ಕೇಳುತ್ತದೆ. ನಮ್ಮ ಪ್ರತಿನಿಧಿಯ ಹಾಜರಾತಿಯನ್ನು ನಾವು ಕೇಳುವುದಿಲ್ಲ.

2028ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ನಮ್ಮ ಬ್ಯಾಚ್ ಬಿಇ ಮುಗಿಸಿ ಕೆಲಸದಲ್ಲಿರುತ್ತದೆ, ಇಲ್ಲವೇ ಕೆಲಸ ಹುಡುಕುತ್ತಿರುತ್ತದೆ. ಯಾವ ನಟ ಮತ ಕೇಳಲು ಬಂದರೂ ಸೆಲ್ಫಿ ತೆಗೆದುಕೊಳ್ಳೋಣ, ತಪ್ಪಿಲ್ಲ. ಅದಾದ ಮೇಲೆ, ‘ನಮ್ಮೂರ ಹುಡುಗರ ಕೆಲಸಕ್ಕೆ ಏನು ಮಾಡ್ತೀರಿ ಸಾರ್?’ ಎಂದೂ ಕೇಳೋಣ.