ಒಳಗೆ ಯಾರಿದ್ದಾರೆ?

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಈ ಪತ್ರಿಕೆಯ ಪ್ರೂಫ್ ತೆಗೆಸುವ ಜೆರಾಕ್ಸ್ ಅಂಗಡಿಯೊಂದಿದೆ. ಆರಡಿ ಅಗಲ. ಒಂದು ಪಕ್ಕ ಹೂವಿನ ಗಾಡಿ, ಇನ್ನೊಂದು ಪಕ್ಕ ಕುಕ್ಕರ್ ರಿಪೇರಿ. ಸಂಜೆ ಆರರ ಮೇಲೆ ಅಲ್ಲಿ ಸೇರುವವರಲ್ಲಿ ಮುಕ್ಕಾಲು ಪಾಲು ಅಡ್ಡರಸ್ತೆಗಳ ಪಿಜಿಗಳಿಂದ ಬಂದ ಹುಡುಗ ಹುಡುಗಿಯರು. ಅಂಗಡಿಯಾತ ತಲೆ ಎತ್ತದೆ ಕೇಳುತ್ತಾನೆ: "ರೆಸ್ಯೂಮಾ? ಬಾಂಡ್ ಪೇಪರ್‌ನಲ್ಲಾ, ಮಾಮೂಲಿನಲ್ಲಾ?" ಮಾಮೂಲಿ ಹಾಳೆ ಎಂದವರು ಎಷ್ಟು ದಿನದಿಂದ ಕೆಲಸ ಹುಡುಕುತ್ತಿದ್ದಾರೆಂದು ಅವನಿಗೆ ಗೊತ್ತಾಗಿಬಿಡುತ್ತದಂತೆ. ಹೊಸಬರು ಬಾಂಡ್ ಪೇಪರ್ ಕೇಳುತ್ತಾರೆ, ಅದೂ ಹತ್ತು ಕಾಪಿ. ಆರು ತಿಂಗಳಾದವರು ಎರಡು ಕಾಪಿ, ಮಾಮೂಲಿ ಹಾಳೆ.

ಈ ಸಂಚಿಕೆಯ ಪ್ರೂಫಿಗೆ ಕಾಯುತ್ತ ನಿಂತಿದ್ದಾಗ ಪಕ್ಕದ ಹುಡುಗ ನನ್ನ ಕೈಯಲ್ಲಿದ್ದ ಕನ್ನಡ ಹಾಳೆಗಳನ್ನು ನೋಡಿ ಮಾತಿಗಿಳಿದ. ರಾಯಚೂರಿನ ಕಡೆಯವನು. ಎಂಜಿನಿಯರಿಂಗ್ ಮುಗಿಸಿ ಎರಡನೇ ವರ್ಷ. ಕೈಯಲ್ಲಿ ಎರಡು ಕಾಪಿ. ಮರುದಿನ ಬೆಳಿಗ್ಗೆ ಸಿ.ವಿ. ರಾಮನ್ ನಗರದ ಟೆಕ್ ಪಾರ್ಕಿನ ಒಂದು ಕಂಪನಿಯಲ್ಲಿ ಇಂಟರ್‌ವ್ಯೂ ಇದೆ ಎಂದ. ಏನು ಓದಿಕೊಂಡಿದ್ದೀಯಪ್ಪ ಎಂದು ನಾನು ಕೇಳಬೇಕೆನ್ನುವಷ್ಟರಲ್ಲಿ ಅವನೇ ಕೇಳಿದ: "ಸರ, ಅಲ್ಲಿ ಒಳಗ ನಿಮಗ ಯಾರರ ಪರಿಚಯ ಅದಾರೇನ್ರಿ?"

ಐದು ನಿಮಿಷದ ಪರಿಚಯದ, ಚಪ್ಪಲಿ ಹಾಕಿಕೊಂಡು ಜೆರಾಕ್ಸ್ ಅಂಗಡಿಯಲ್ಲಿ ನಿಂತ ಮುದುಕನನ್ನು ಹೀಗೆ ಕೇಳಬೇಕಾದರೆ ಆ ಪ್ರಶ್ನೆಯನ್ನು ಅವನು ಇನ್ನೆಷ್ಟು ಕಡೆ ಕೇಳಿರಬೇಕು! ಈ ಸಲದ ಸಂಪಾದಕೀಯಕ್ಕೆ ಬೇರೆ ವಿಷಯ ಇಟ್ಟುಕೊಂಡಿದ್ದೆ. ಅದನ್ನು ಎತ್ತಿಟ್ಟೆ.

ನಮ್ಮಲ್ಲಿ ಇದಕ್ಕೆ ಹಳೆಯ ಮಾತಿದೆ, ವಶೀಲಿ. ಅರಬ್ಬಿಯ ವಸೀಲಾದಿಂದ ಬಂದದ್ದು. ಮೂಲದಲ್ಲಿ ಅದರ ಅರ್ಥ ದಾರಿ, ಸಾಧನ ಎಂದಷ್ಟೆ. ಶಿಫಾರಸು ಎಂಬ ಇನ್ನೊಂದು ಮಾತೂ ಇದೆ. ಅದಕ್ಕೆ ಕನ್ನಡದಲ್ಲಿ ಎರಡು ಬದುಕು. ಸರ್ಕಾರ ನೇಮಿಸಿದ ಸಮಿತಿ ಮಾಡುವುದೂ ಶಿಫಾರಸೇ, ಸೋದರಮಾವ ಮಾಡುವುದೂ ಶಿಫಾರಸೇ. ಇವೆರಡರಲ್ಲಿ ಯಾವುದು ಜಾರಿಯಾಗುತ್ತದೆಂದು ಓದುಗರಿಗೆ ಹೇಳಬೇಕಿಲ್ಲ.

ಈ ಬಡಾವಣೆಯೇ ಅದಕ್ಕೆ ಸಾಕ್ಷಿ. 1940ರಲ್ಲಿ ಎಚ್‌ಎಎಲ್ ಬಂತು, 1964ರಲ್ಲಿ ಬಿಇಎಂಎಲ್. ಹಳೇ ಮದ್ರಾಸ್ ರಸ್ತೆಗೆ ಎನ್‌ಜಿಇಎಫ್, ಅದರಾಚೆ ದೂರವಾಣಿನಗರಕ್ಕೆ ಐಟಿಐ. ತಿಪ್ಪಸಂದ್ರದ ಮನೆಗಳು ಏಳುವುದಕ್ಕೆ ಈ ಕಾರ್ಖಾನೆಗಳ ಸಂಬಳವೇ ಇಟ್ಟಿಗೆ, ಸಿಮೆಂಟು. ನಮ್ಮ ಅಡ್ಡರಸ್ತೆಯ ನಿವೃತ್ತರು ಬೆಳಗಿನ ವಾಕಿಂಗಿನಲ್ಲಿ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್ ಕಾರ್ಡಿನ ಕಥೆಯನ್ನು ಈಗಲೂ ಹೇಳುತ್ತಾರೆ. ಖಾಲಿ ಹುದ್ದೆಗಳನ್ನು ಎಕ್ಸ್‌ಚೇಂಜಿಗೆ ತಿಳಿಸಲೇಬೇಕೆಂಬ ಕಾಯ್ದೆ 1959ರದು. ಹೆಸರು ಬರೆಸಿ, ಕಾಲಕಾಲಕ್ಕೆ ನವೀಕರಿಸಿ, ಪೋಸ್ಟ್‌ಮ್ಯಾನಿನ ದಾರಿ ಕಾಯುವುದು. "ನಾವು ಕಾರ್ಡಿನ ಮೇಲೆ ಬಂದವರು ಕಣ್ರೀ, ಯಾರ ಕಾಲೂ ಹಿಡೀಲಿಲ್ಲ" ಎಂದು ಒಬ್ಬರು ಎದೆಯುಬ್ಬಿಸಿದರೆ ಅವರ ಗೆಳೆಯರು ಮೆಲ್ಲಗೆ, "ನಿಮ್ಮ ಷಡ್ಡಕ ಪರ್ಸನಲ್ ಡಿಪಾರ್ಟ್‌ಮೆಂಟಲ್ಲಿ ಇದ್ದರಲ್ಲ ಸ್ವಾಮಿ" ಎನ್ನುತ್ತಾರೆ. ಎದೆ ಇಳಿಯುತ್ತದೆ, ಎಲ್ಲರೂ ನಗುತ್ತಾರೆ.

ಡಾ. ಸರೋಜಿನಿ ಮಹಿಷಿ ಸಮಿತಿಯ ಹಿಂದೆ ಇದ್ದದ್ದೂ ಒಳಗೆ ಯಾರೂ ಇಲ್ಲದವರ ನೋವೇ. ಗೋಕಾಕ್ ಚಳವಳಿಯ ಕಾವು ಇನ್ನೂ ಆರದಿದ್ದ ದಿನಗಳಲ್ಲಿ ನೇಮಕವಾದ ಸಮಿತಿ ಅದು. ಕೇಂದ್ರದ ಉದ್ಯಮಗಳಲ್ಲಿ ಕನ್ನಡಿಗರಿಗೆ ಕೆಲಸ ಕೊಡಿ ಎಂದು 58 ಶಿಫಾರಸು ಮಾಡಿತು. ನಾವು ಅದನ್ನು ಭಾಷೆಯ ಪ್ರಶ್ನೆಯಾಗಿ ನೆನಪಿಟ್ಟುಕೊಂಡೆವು. ಫ್ಯಾಕ್ಟರಿಯ ಗೇಟಿನಲ್ಲಿ ನಿಂತವನಿಗೆ ಅದು ಹಾಗೆ ಕಂಡಿರಲಾರದು. ನೇಮಕಾತಿ ಅಧಿಕಾರಿ ತನ್ನ ಊರಿನವನನ್ನು, ಅವನು ತನ್ನ ಭಾವಮೈದುನನನ್ನು ಒಳಗೆ ಕರೆದುಕೊಳ್ಳುತ್ತಿದ್ದ. ಆ ಊರುಗಳು ಕರ್ನಾಟಕದ ಆಚೆ ಇದ್ದುದರಿಂದ ದೂರು ಭಾಷೆಯ ರೂಪ ತಾಳಿತು. ಅದೇ ಅಧಿಕಾರಿ ಮಂಡ್ಯದವನೋ ಧಾರವಾಡದವನೋ ಆಗಿದ್ದರೆ ನಾವು ಸಮಿತಿ ನೇಮಿಸುತ್ತಿರಲಿಲ್ಲ, ಪರಿಚಯ ಮಾಡಿಕೊಳ್ಳುತ್ತಿದ್ದೆವು. 2024ರ ಜುಲೈನಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಮೀಸಲಿಡುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟು, ಉದ್ಯಮಿಗಳು ಸಿಡಿಮಿಡಿಗೊಂಡ ಕೂಡಲೇ ತಡೆಹಿಡಿಯಿತು. ಅದು ಜಾರಿಯಾಗಿದ್ದರೂ ರಾಯಚೂರಿನ ಆ ಹುಡುಗನ ಪ್ರಶ್ನೆ ಅಲ್ಲೇ ಇರುತ್ತಿತ್ತು ಎಂಬುದು ನನ್ನ ಅನುಮಾನ. ಸ್ಥಳೀಯರಲ್ಲೂ ಒಳಗಿನವರು ಹೊರಗಿನವರು ಇದ್ದಾರೆ.

ವಶೀಲಿಯ ಮಾತು ಬಂದರೆ ನಮ್ಮಲ್ಲಿ ವಿಶ್ವೇಶ್ವರಯ್ಯನವರ ಕಥೆ ಬಾರದೆ ಇರುವುದಿಲ್ಲ. ದಿವಾನಗಿರಿ ಒಪ್ಪಿಕೊಳ್ಳುವ ಮುನ್ನ ನೆಂಟರಿಷ್ಟರನ್ನು ಕರೆದು, ಕೆಲಸ ಕೊಡಿಸಿ ಎಂದು ಯಾರೂ ನನ್ನ ಬಳಿ ಬರಕೂಡದು, ಅದಕ್ಕೆ ಒಪ್ಪಿದರೆ ಮಾತ್ರ ದಿವಾನನಾಗುತ್ತೇನೆ ಎಂದರಂತೆ. ಶಾಲೆಯ ಭಾಷಣ ಸ್ಪರ್ಧೆಗಳಲ್ಲಿ ಇಲ್ಲಿಗೆ ಚಪ್ಪಾಳೆ ಬೀಳುತ್ತದೆ. ಮುಂದಿನದನ್ನು ಮಕ್ಕಳು ಹೇಳುವುದಿಲ್ಲ. 1917ರಲ್ಲಿ ಹುಟ್ಟಿದ ಬ್ರಾಹ್ಮಣೇತರರ ಸಂಘಟನೆ ಪ್ರಜಾಮಿತ್ರ ಮಂಡಳಿಯವರು ಮಹಾರಾಜರ ಬಳಿ ಹೋಗಿ, ಸರ್ಕಾರಿ ನೌಕರಿಯೆಲ್ಲ ಒಂದೇ ಕಡೆ ಸೇರುತ್ತಿದೆ ಎಂದರು. ಆ ದೂರನ್ನು ಪರಿಶೀಲಿಸಲು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ಬಂತು. ಅದೇ ವರ್ಷದ ಕೊನೆಗೆ ವಿಶ್ವೇಶ್ವರಯ್ಯನವರು, ಅರ್ಹತೆಗೆ ಪೆಟ್ಟು ಬೀಳುತ್ತದೆಂಬ ಭಿನ್ನಾಭಿಪ್ರಾಯದಲ್ಲಿ, ಪದವಿ ಬಿಟ್ಟರು. ದಿವಾನರ ನೆಂಟರು ಚೀಟಿ ತರಲಿಲ್ಲ, ನಿಜ. ಆದರೆ ಇಂಗ್ಲಿಷ್ ಕಲಿತ ಮನೆ, ಮೈಸೂರಲ್ಲಿ ಉಳಿದು ಓದಲು ದೊಡ್ಡಪ್ಪನ ಜಗಲಿ, ಅರ್ಜಿ ಬರೆಯುವ ಬಗೆ ಹೇಳಿಕೊಡುವ ಶಿರಸ್ತೇದಾರ, ಇಷ್ಟಿದ್ದವರಿಗೆ ಚೀಟಿಯೇ ಬೇಕಿರಲಿಲ್ಲ. ದಿವಾನರದೂ ಮಂಡಳಿಯವರದೂ ನ್ಯಾಯದ ಮಾತೇ. ನೂರು ವರ್ಷದ ಮೇಲೂ ನಾವು ಆ ಎರಡು ನ್ಯಾಯಗಳನ್ನು ಒಂದೇ ಮಂಚದಲ್ಲಿ ಮಲಗಿಸಲಾರದೆ ಒದ್ದಾಡುತ್ತಿದ್ದೇವೆ.

ಈಚಿನದಕ್ಕೆ ಬರೋಣ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಐವತ್ತು ಸಾವಿರಕ್ಕೂ ಹೆಚ್ಚು ಜನ ಬರೆದರು. ಜನವರಿಯಲ್ಲಿ ಆಯ್ಕೆಪಟ್ಟಿ ಬಂತು. ಆಮೇಲೆ ಒಂದು ಒಎಂಆರ್ ಹಾಳೆಯ ಸುದ್ದಿ ಹೊರಬಿತ್ತು. ಕಲಬುರಗಿಯ ಕೇಂದ್ರದಲ್ಲಿ ಪರೀಕ್ಷೆ ಬರೆದ ಒಬ್ಬ ಅಭ್ಯರ್ಥಿ ಉತ್ತರಿಸಿದ್ದು 21 ಪ್ರಶ್ನೆಗಳಿಗಂತೆ, ಬಂದ ಅಂಕ 121. ಸಿಐಡಿ ತನಿಖೆ ಕಲಬುರಗಿಯಿಂದ ಬೆಂಗಳೂರಿಗೆ ಬಂತು. ಕೊನೆಗೆ ಪೊಲೀಸ್ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿ ದರ್ಜೆಯ ಅಧಿಕಾರಿಯೇ 2022ರ ಜುಲೈನಲ್ಲಿ ಬಂಧಿತರಾದರು. ಉತ್ತರಪತ್ರಿಕೆಗಳ ಕೋಣೆಗೆ ಬೀಗ ಹಾಕಿ ಕಾಯಬೇಕಾದವರ ಮೇಲೆಯೇ ಒಎಂಆರ್ ತಿದ್ದಿದ ಆರೋಪ ಬಂತು. ತಪ್ಪು ಯಾರದು ಎಂಬುದನ್ನು ನ್ಯಾಯಾಲಯ ಹೇಳಬೇಕು. ನಾನು ಹೇಳಲು ಹೊರಟದ್ದು ಆ 545ರ ಪಟ್ಟಿಯಲ್ಲಿದ್ದು ಯಾರಿಗೂ ಏನೂ ಕೊಡದವರ ವಿಷಯ.

ಅವರು ಓದಿ ಬರೆದಿದ್ದರು. ಊರಲ್ಲಿ ಬ್ಯಾನರ್ ಕಟ್ಟಿಸಿಕೊಂಡಿದ್ದರು. 2022ರ ಏಪ್ರಿಲ್ ಕೊನೆಗೆ ಸರ್ಕಾರ ಇಡೀ ಪರೀಕ್ಷೆಯನ್ನು ರದ್ದು ಮಾಡಿತು. ಫ್ರೀಡಂ ಪಾರ್ಕಿನಲ್ಲಿ ಕೂತು, ನಮ್ಮದೇನು ತಪ್ಪು ಎಂದು ಕೇಳಿದರು. ಪ್ರಶ್ನೆ ಸರಿಯೇ, ಆದರೆ ಜೊಳ್ಳು ಯಾವುದು ಗಟ್ಟಿ ಯಾವುದೆಂದು ತೂರಿ ತೋರಿಸಲು ಯಾರಿಂದಲೂ ಆಗಲಿಲ್ಲ. 2023ರ ನವೆಂಬರ್ 10ರಂದು ಹೈಕೋರ್ಟ್ ಮರುಪರೀಕ್ಷೆಯನ್ನೇ ಎತ್ತಿಹಿಡಿಯಿತು. 2024ರ ಜನವರಿ 23ರಂದು ಪರೀಕ್ಷಾ ಪ್ರಾಧಿಕಾರ ಅದನ್ನು ನಡೆಸಿತು. ಎರಡು ವರ್ಷ ಮೂರು ತಿಂಗಳಾದ ಮೇಲೆ, ಆಗಲೇ ಗೆದ್ದಿದ್ದವರು ಮತ್ತೆ ಪೆನ್ನು ಹಿಡಿದು ಸಾಲಿನಲ್ಲಿ ನಿಂತರು. ಎರಡನೇ ಸಲ ಎಲ್ಲರಿಗೂ ಗೆಲುವು ಒಲಿಯುತ್ತದೆಯೆ?

ನನ್ನ ತಂಗಿಯ ಮಗಳು ಎಸ್‌ಡಿಎ ಆಗಿ ಆಯ್ಕೆಯಾದಾಗ ತಿಪಟೂರಿನಲ್ಲಿ ಸಣ್ಣದೊಂದು ಊಟ ಇಟ್ಟಿದ್ದರು. ಹೋಳಿಗೆ ಬಡಿಸುವ ಹೊತ್ತಿಗೆ ನೆಂಟರೊಬ್ಬರು ಭಾವನ ಕಿವಿಯ ಹತ್ತಿರ ಬಂದು, ದನಿಯಲ್ಲಿ ಒಂದಿಷ್ಟೂ ಕೆಟ್ಟತನವಿಲ್ಲದೆ, "ಎಷ್ಟಾಯ್ತು?" ಎಂದರು. ಅವರಿಗೂ ಒಬ್ಬ ಮಗನಿದ್ದ, ದರ ತಿಳಿದುಕೊಳ್ಳಬೇಕಿತ್ತು. ಭಾವ ಏನೂ ಆಗಿಲ್ಲ ಎಂದರು. "ಹೇಳಬಾರದು ಅಂದರೆ ಬೇಡ ಬಿಡಿ" ಎಂದು ಅವರು ಮುನಿಸಿಕೊಂಡರು. ಮಾತು ಕೇಳಿಸಿಕೊಂಡ ಹುಡುಗಿ ಒಳಗೆ ಹೋಗಿ ಮೂರು ವರ್ಷದ ನೋಟ್ಸನ್ನು, ಸ್ಪೈರಲ್ ಹಾಕಿಸಿದ ಒಂಬತ್ತು ಪುಸ್ತಕಗಳನ್ನು, ತಂದು ಅವರ ಎಲೆಯ ಮುಂದೆ ಜೋಡಿಸಿಟ್ಟಳು. ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ತುಪ್ಪದ ಸೌಟು ಹಿಡಿದು ಬಂದ ನನ್ನ ತಂಗಿ ಪುಸ್ತಕ ದಾಟಿಕೊಂಡು ಮುಂದಿನ ಎಲೆಗೆ ಹೋದಳು.

ಸೋತವನ ಕಷ್ಟದ ಬಗ್ಗೆ ನಾವು ಬೇಕಾದಷ್ಟು ಬರೆದಿದ್ದೇವೆ. ವಶೀಲಿ ಗೆದ್ದವಳ ಗೆಲುವನ್ನೂ ಕಸಿಯುತ್ತದೆ ಎಂಬುದು ನನಗೆ ಆ ಪಂಕ್ತಿಯಲ್ಲಿ ಹೊಳೆಯಿತು. ಸೋತವನಿಗೆ ಸರಿಯಾಗಿ ಸೋಲುವ ಅವಕಾಶವನ್ನೂ ಅದು ಕೊಡುವುದಿಲ್ಲ. ಎಲ್ಲಿ ಕಡಿಮೆ ಬಿತ್ತೆಂದು ತಿಳಿದರೆ ಅವನು ಮತ್ತೆ ಓದಬಲ್ಲ, ಇಲ್ಲವೇ ಇದು ನನ್ನ ದಾರಿಯಲ್ಲ ಎಂದು ಎದ್ದು ಬರಬಲ್ಲ. "ಎಲ್ಲಾ ಮೊದಲೇ ಬುಕ್ ಆಗಿತ್ತು" ಎಂಬ ಮಾತು ಅವನನ್ನು ಹೋಗಲೂ ಬಿಡುವುದಿಲ್ಲ, ಇರಲೂ ಬಿಡುವುದಿಲ್ಲ. ಧಾರವಾಡದ ಸಪ್ತಾಪುರದಲ್ಲಿ, ಇಲ್ಲಿನ ವಿಜಯನಗರದಲ್ಲಿ ಮೂವತ್ತು ದಾಟಿಯೂ ಕೋಚಿಂಗಿನ ಬಾಡಿಗೆ ಕೋಣೆಯಲ್ಲಿರುವವರನ್ನು ಮಾತಾಡಿಸಿ ನೋಡಿ.

ಅವರ ಅನುಮಾನ ಗಾಳಿಯಲ್ಲಿ ಹುಟ್ಟಿದ್ದಲ್ಲ. 2011ರ ಸಾಲಿನ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಕಥೆ ನೋಡಿ: ಲಂಚ ಕೇಳಿದರೆಂದು ಅಭ್ಯರ್ಥಿಯೇ ದೂರು ಕೊಟ್ಟು, ಸಿಐಡಿ ತನಿಖೆಯಾಗಿ, 2014ರಲ್ಲಿ ಸರ್ಕಾರ ಆಯ್ಕೆಯನ್ನು ಕೈಬಿಟ್ಟಿತು. ನ್ಯಾಯಮಂಡಳಿ ಒಂದು ಹೇಳಿತು, 2018ರಲ್ಲಿ ಹೈಕೋರ್ಟ್ ಇನ್ನೊಂದು ಹೇಳಿತು, 2022ರಲ್ಲಿ ವಿಧಾನಮಂಡಲವೇ ಕಾನೂನು ಮಾಡಿ ಆ ಆಯ್ಕೆಯನ್ನು ಊರ್ಜಿತಗೊಳಿಸಿತು. ಹನ್ನೊಂದು ವರ್ಷ. ಇನ್ನು 2024ರಲ್ಲಿ ಅಂಥದೇ 384 ಹುದ್ದೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಪ್ರಶ್ನೆಗಳ ಅನುವಾದವೇ ಎಡವಟ್ಟಾಗಿ, ಮರುಪರೀಕ್ಷೆ ಇಟ್ಟು, ಅದರಲ್ಲೂ ಎಡವಿದ್ದನ್ನು ಕನ್ನಡ ಪತ್ರಿಕೆಯ ಸಂಪಾದಕನಾಗಿ ನಾನು ವಿವರಿಸಲು ಹೋದರೆ ಈ ಪುಟ ಸಾಲದು. ಇಂಗ್ಲಿಷ್ ಪ್ರಶ್ನೆಯನ್ನು ಓದಿ ಕನ್ನಡದ ಪ್ರಶ್ನೆಯನ್ನು ಅರ್ಥಮಾಡಿಕೊಳ್ಳಬೇಕಾದ ಪರೀಕ್ಷೆ! ಅಲ್ಲಿ ಯಾವ ಮಾವನೂ ಚೀಟಿ ಕೊಟ್ಟಿರಲಿಲ್ಲ. ಕಾನ್ವೆಂಟಿನಲ್ಲಿ ಓದಿದ್ದೇ ಚೀಟಿಯಾಯಿತು.

ಹಿಂಬಾಗಿಲ ಬಗ್ಗೆ ದೇಶವೆಲ್ಲ ಉಲ್ಲೇಖಿಸುವ ತೀರ್ಪು ಹುಟ್ಟಿದ್ದೂ ನಮ್ಮ ರಾಜ್ಯದಿಂದಲೇ. ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ಮೊಕದ್ದಮೆ, 2006ರ ಏಪ್ರಿಲ್ 10. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಯವರು ಕಾಯಂ ಮಾಡಿ ಎಂದು ಕೇಳಿದ್ದರು. ಕ್ರಮಬದ್ಧ ಸ್ಪರ್ಧೆಯಿಲ್ಲದೆ ಬಂದವರಿಗೆ ಕಾಯಂ ಆಗುವ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ತತ್ತ್ವದಲ್ಲಿ ಯಾರಿಗೂ ತಕರಾರಿಲ್ಲ. ಹಿಂಬಾಗಿಲಿಗೆ ಬೀಗ ಬಿದ್ದ ಮೇಲೆ ಮುಂಬಾಗಿಲು ತೆರೆಯಬೇಕಿತ್ತು. ರಾಜ್ಯದಲ್ಲಿ ಈಗ ಎರಡೂವರೆ ಲಕ್ಷಕ್ಕೂ ಮೀರಿ ಸರ್ಕಾರಿ ಹುದ್ದೆ ಖಾಲಿ ಬಿದ್ದಿವೆ; ಕೆಲಸ ಮಾತ್ರ ಹೊರಗುತ್ತಿಗೆಯಲ್ಲಿ ನಡೆಯುತ್ತಿದೆ. ಅಲ್ಲಿ ಪರೀಕ್ಷೆಯಿಲ್ಲ, ಪಟ್ಟಿಯಿಲ್ಲ, ಕಟ್‌ಆಫ್ ಇಲ್ಲ. ಏಜೆನ್ಸಿಯವನಿಗೆ ಯಾರಿಂದ ಫೋನ್ ಬಂತು ಎಂಬುದೊಂದೇ ಇದೆ. ಸರ್ಕಾರಿ ಕಾಲೇಜುಗಳ ಸಾವಿರಾರು ಅತಿಥಿ ಉಪನ್ಯಾಸಕರು, ನೆಟ್, ಪಿಎಚ್‌ಡಿ ಮುಗಿಸಿದವರು, ಹತ್ತು ಹದಿನೈದು ವರ್ಷ ಅತಿಥಿಗಳಾಗಿಯೇ ಇದ್ದಾರೆ. ಅಷ್ಟು ವರ್ಷ ಮನೆಯಲ್ಲೇ ಉಳಿದ ಅತಿಥಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಸರ್ಕಾರದ ಯುವನಿಧಿ ಯೋಜನೆಯಲ್ಲಿ ಕೆಲಸ ಸಿಗದ ಪದವೀಧರನಿಗೆ ಎರಡು ವರ್ಷ ತಿಂಗಳಿಗೆ 3000 ರೂಪಾಯಿ ಕೊಡುತ್ತಾರೆ, ಒಳ್ಳೆಯದೇ. ತಿಪ್ಪಸಂದ್ರದ ಪಿಜಿಯಲ್ಲಿ ಮೂವರ ಕೋಣೆಯ ಒಂದು ಮಂಚಕ್ಕೂ ಅದು ಸಾಲದು.

ಖಾಸಗಿಯಲ್ಲಿ ಇವೆಲ್ಲ ಇಲ್ಲ ಎನ್ನುವವರಿದ್ದಾರೆ. ಅಲ್ಲಿ ವಶೀಲಿಗೆ ರೆಫರಲ್ ಎಂಬ ಹೆಸರಿದೆ, ಪರಿಚಯದವರನ್ನು ಸೇರಿಸಿದ ನೌಕರನಿಗೆ ಬೋನಸ್ಸೂ ಇದೆ. ಸಾವಿರ ಅರ್ಜಿ ಓದುವ ಬದಲು, ನಮ್ಮ ಹುಡುಗ ಒಳ್ಳೆಯವನೆಂದು ಹೇಳಿದವನನ್ನು ಕರೆಯುವುದು ಕಂಪನಿಗೆ ಸುಲಭ, ಖರ್ಚೂ ಕಡಿಮೆ. ಅದರಲ್ಲಿ ಮೋಸವಿದೆ ಎಂದು ಹೇಳಲಾರೆ. ಆದರೆ ಹೀಗೆ ಶಿಫಾರಸು ಮಾಡುವವರು ತಮ್ಮ ಕಾಲೇಜಿನ, ತಮ್ಮ ಅಪಾರ್ಟ್‌ಮೆಂಟಿನ, ತಮ್ಮ ಮಾತಿನವರ ಬಗ್ಗೆಯೇ ಹೇಳುತ್ತಾರೆ. ರಾಯಚೂರಿನ ಹುಡುಗನ ಕಾಲೇಜಿನಿಂದ ಯಾರೂ ಇನ್ನೂ ಒಳಗೆ ಹೋಗಿರದಿದ್ದರೆ ಅವನನ್ನು ಒಳಗೆ ಕರೆಯುವವರು ಯಾರು? ಮೊದಲು ಒಬ್ಬ ಹೋಗಬೇಕಲ್ಲ.

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತು ಬಚ್ಚಿಟ್ಟರೆ ಮರ್ಯಾದೆಯಲ್ಲ. ನನ್ನ ಮೊದಲ ಕೆಲಸ, ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವುದು, ಸೋದರಮಾವ ಬರೆದುಕೊಟ್ಟ ಚೀಟಿಯಿಂದ ಸಿಕ್ಕಿದ್ದು. ಅದೇ ದಿನ ಬೆಂಚಿನ ಮೇಲೆ ಇನ್ನೊಬ್ಬ ಕೂತಿದ್ದ. ಮೊಣಕಾಲ ಮೇಲೆ ಬಿಎ ಪ್ರಮಾಣಪತ್ರದ ಲಕೋಟೆ ಇಟ್ಟುಕೊಂಡಿದ್ದ. ಮಾಲೀಕರು ಚೀಟಿ ಓದಿ ನನ್ನನ್ನು ಒಳಗೆ ಕರೆದರು. ಅವನಿಗೆ ಏನು ಹೇಳಿ ಕಳಿಸಿದರೋ ನಾನು ವಿಚಾರಿಸಲಿಲ್ಲ. ಅವನಿಗೆ ಹ್ರಸ್ವ ದೀರ್ಘಗಳು ನನಗಿಂತ ಚೆನ್ನಾಗಿ ಗೊತ್ತಿದ್ದಿರಬಹುದು. ಈ ಪತ್ರಿಕೆಯ ಬಗ್ಗೆಯೂ, ನಿಮ್ಮ ವಿಶೇಷಾಂಕದಲ್ಲಿ ವರ್ಷವರ್ಷವೂ ಅವೇ ಹೆಸರು ಎಂದು ಬಳ್ಳಾರಿಯ ಓದುಗರೊಬ್ಬರು ಕಾರ್ಡು ಬರೆದಿದ್ದರು. ಉತ್ತರ ಬರೆಯಲು ಕೂತು ಹಿಂದಿನ ಐದು ವಿಶೇಷಾಂಕ ತೆಗೆದು ನೋಡಿದೆ. ಉತ್ತರ ಇನ್ನೂ ಬರೆದಿಲ್ಲ. ಈ ಸಂಚಿಕೆಯ ಕಥೆಗಳನ್ನು ಮಾತ್ರ ಲೇಖಕರ ಹೆಸರು ಮುಚ್ಚಿ ಓದಿದೆವು. ಆರರಲ್ಲಿ ನಾಲ್ಕು ಹೆಸರು ನನಗೇ ಹೊಸವು.

ಜೆರಾಕ್ಸ್ ಅಂಗಡಿಯ ಹುಡುಗನಿಗೆ ನಾನು, ಇಲ್ಲಪ್ಪ, ಅಲ್ಲಿ ನನಗೆ ಯಾರೂ ಗೊತ್ತಿಲ್ಲ ಎಂದೆ. ಅದು ನಿಜವೂ ಆಗಿತ್ತು. ಅವನು ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ, "ಇರ್ಲಿ ಬಿಡ್ರಿ ಸರ" ಎಂದು ನಕ್ಕ. ಎರಡು ಕಾಪಿಗಳನ್ನು ಮಡಿಕೆ ಬೀಳದಂತೆ ಪ್ಲಾಸ್ಟಿಕ್ ಫೋಲ್ಡರಿನಲ್ಲಿಟ್ಟು ಶರ್ಟಿನೊಳಗೆ ಸೇರಿಸಿಕೊಂಡ. ಹೊರಗೆ ಮಳೆ ಹನಿಯುತ್ತಿತ್ತು. ಎರಡು ಹೆಜ್ಜೆ ಹೋದವನು ತಿರುಗಿ ಬಂದು ಅಂಗಡಿಯಾತನಿಗೆ ಹೇಳಿದ: "ಅಣ್ಣ, ಫೈಲ್ ಡಿಲೀಟ್ ಮಾಡಬ್ಯಾಡ್ರಿ. ಸೋಮವಾರ ಮತ್ತ ಬೇಕಾಕ್ಕೈತಿ."