ಕಲ್ಲುಗೋಡೆಯೂ ಸಕ್ಕರೆಮಾಪಕವೂ

ಜೇವರ್ಗಿ ಕಾಲೋನಿಯ ನಮ್ಮ ಮನೆಯಲ್ಲಿ ಅತ್ತೆಯವರ ತೋಳಿಗಂಟಿಸಿದ ಸಕ್ಕರೆಮಾಪಕದ ಎಚ್ಚರಿಕೆಯು ಒಂದು ರಾತ್ರಿ ನಮಗೆ ಕೇಳಿಸಲಿಲ್ಲ. ಅವರು ಬೆವರಿ ಕಂಗೆಟ್ಟು ಕೂಗಿದರು. ಯಂತ್ರವೇನೂ ಕೆಟ್ಟಿರಲಿಲ್ಲ, ಮೊಬೈಲು ಶಹಾಬಾದ ಕಲ್ಲಿನ ಎರಡು ಗೋಡೆಗಳಾಚೆ ಇದ್ದಿತು. ಇಂಥ ಮಾಪಕದ ಬ್ಲೂಟೂತ್ ಅಲೆಯು ಬಯಲಿನಲ್ಲಿಯೇ ಸುಮಾರು 10 ಮೀಟರು ಹೋಗುವದು. ಗೋಡೆಯಷ್ಟೇ ಅಲ್ಲ, ಮಲಗಿದವರ ಮೈ ಕೂಡ ಅದನ್ನು ತಡೆಯುವದು.

ಆದಕಾರಣ ವಾಚಕರೇ, ಆ ಮೊಬೈಲನ್ನು ರೋಗಿಯ ಮಂಚದ ಬಳಿಯಲ್ಲಿಯೇ ಇಡತಕ್ಕದ್ದು. ಅಲ್ಲಿಂದ ಪರವೂರ ಮಕ್ಕಳಿಗೆ ಸುದ್ದಿ ಒಯ್ಯುವ ವೈಫೈ ರೌಟರನ್ನು ಕಬ್ಬಿಣದ ಅಲಮಾರಿಯ ಹಿಂದೆ ಅಡಗಿಸದೆ ನಡುಮನೆಯಲ್ಲಿ ಎತ್ತರಕ್ಕಿರಿಸಿರಿ. 5 ಗಿಗಾಹರ್ಟ್ಸಿಗಿಂತ 2.4ರ ಅಲೆಯೇ ಗೋಡೆಯನ್ನು ಚೆನ್ನಾಗಿ ದಾಟುವದು. ಕರೆಂಟು ಹೋದರೆ ರೌಟರೂ ಆರುವದರಿಂದ ಅದಕ್ಕೊಂದು ಬ್ಯಾಟರಿ ಬೇಕು; ಕಲಬುರಗಿಯ ಬೇಸಿಗೆ ಕಂಡವರಿಗೆ ಇದನ್ನು ಹೇಳಬೇಕೆ!

ಮೈ ಬೆವರಿ ನಡುಗುತ್ತಿದ್ದು ಮೊಬೈಲು ಸುಮ್ಮನಿದ್ದರೆ ಬೆರಳು ಚುಚ್ಚಿ ನೋಡಿರಿ. ಆ ಸಾಧನವು ಕೈಗೆ ಸಿಗದಿದ್ದರೆ, ರೋಗಿಗೆ ಎಚ್ಚರವಿರುವಾಗಲೇ ಸಕ್ಕರೆನೀರು ಕುಡಿಸಿರಿ.